ಹೆಗಲಿಗೆ ಸೂಜಿ ಇಳಿಸುವ ಮುನ್ನ

ಮಾನ್ಯ ಸಂಪಾದಕರೇ,

ಕತ್ತು, ಹೆಗಲು, ಸೊಂಟದ ನೋವಿಗೆ ‘ಡ್ರೈ ನೀಡ್ಲಿಂಗ್’, ಅಂದರೆ ಸ್ನಾಯುವಿಗೆ ಸೂಜಿ ಚುಚ್ಚುವ ಚಿಕಿತ್ಸೆ, ಮಾಡಲಾಗುವುದೆಂಬ ಫಲಕಗಳು ಈಗ ಜಿಲ್ಲಾ ಕೇಂದ್ರಗಳ ಫಿಸಿಯೋಥೆರಪಿ ಕ್ಲಿನಿಕ್‌ಗಳ ಮುಂದೆಯೂ ಕಾಣಿಸುತ್ತಿವೆ. ಆ ಚಿಕಿತ್ಸೆ ಪಡೆದವಳಾಗಿ ಈ ಪತ್ರ ಬರೆಯುತ್ತಿದ್ದೇನೆ.

ಉತ್ತರಪತ್ರಿಕೆಗಳ ಮೌಲ್ಯಮಾಪನ ಮುಗಿಸಿ ಬಂದ ಮೇಲೆ ನನ್ನ ಬಲ ಹೆಗಲು ಹಿಡಿದುಕೊಂಡು, ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಕಿವಿಯ ಹಿಂಭಾಗದವರೆಗೂ ನೋವು ಎಳೆಯುತ್ತಿತ್ತು. ಚಿಕಿತ್ಸಕರು ಹೆಗಲ ಮೇಲಿನ ಸ್ನಾಯುವನ್ನು ಎರಡು ಬೆರಳುಗಳ ನಡುವೆ ಹಿಡಿದೆತ್ತಿ, ಹುಣಸೆಬೀಜದಷ್ಟು ಗಟ್ಟಿಯಾಗಿದ್ದ ಗಂಟಿಗೆ ಸೂಜಿ ಇಳಿಸಿದಾಗ, ಕಣ್ಣರೆಪ್ಪೆ ಅದುರುವಂತೆ ಆ ಸ್ನಾಯು ತಾನಾಗಿಯೇ ಒಮ್ಮೆ ಅದುರಿತು. ಎರಡು ದಿನ ಆ ಜಾಗ ಪೆಟ್ಟು ಬಿದ್ದಂತೆ ನೋಯಿತು; ಮೂರನೆಯ ದಿನ ಕತ್ತು ಸಲೀಸಾಗಿ ತಿರುಗಿತು.

ಈ ಸೂಜಿಯಲ್ಲಿ ಔಷಧಿ ಇರುವುದಿಲ್ಲ. ‘ಡ್ರೈ’ ಎಂಬ ಹೆಸರು ಅದಕ್ಕೇ. ಸುಮಾರು 0.3 ಮಿ.ಮೀ. ದಪ್ಪದ, ಒಳಗೆ ಟೊಳ್ಳಿಲ್ಲದ ಈ ಸೂಜಿ ಅಕ್ಯುಪಂಕ್ಚರ್‌ನಲ್ಲಿ ಬಳಸುವಂಥದ್ದೇ ಆದರೂ ಎಲ್ಲಿ ಚುಚ್ಚಬೇಕೆಂಬ ತರ್ಕ ಬೇರೆ: ಇಲ್ಲಿ ಗುರಿ ‘ಟ್ರಿಗರ್ ಪಾಯಿಂಟ್’, ಅಂದರೆ ಸ್ನಾಯುವಿನಲ್ಲಿ ನೋಯುವ ಗಂಟು. ಅಮೆರಿಕದ ಅಧ್ಯಕ್ಷ ಕೆನಡಿಯವರಿಗೂ ಚಿಕಿತ್ಸೆ ನೀಡಿದ್ದ ವೈದ್ಯೆ ಜಾನೆಟ್ ಟ್ರಾವೆಲ್ ಇಂಥ ಗಂಟುಗಳಿಗೆ ಅರಿವಳಿಕೆ ಮದ್ದನ್ನು ಚುಚ್ಚುತ್ತಿದ್ದರು, ಮದ್ದಿಲ್ಲದ ಬರಿಯ ಸೂಜಿಯಿಂದಲೂ ನೋವು ಇಳಿಯುತ್ತದೆಂದು ಜೆಕ್ ವೈದ್ಯ ಕಾರೆಲ್ ಲೆವಿಟ್ 1979ರಲ್ಲಿ ಬರೆದರು. ಅಲ್ಪಾವಧಿಯ ಉಪಶಮನಕ್ಕೆ ಅಧ್ಯಯನಗಳ ಬೆಂಬಲವಿದೆ, ಆದರೆ ದೀರ್ಘಕಾಲದ ಪ್ರಯೋಜನಕ್ಕೆ ಆಧಾರ ದುರ್ಬಲ. ಹೇಳಿಕೊಟ್ಟ ವ್ಯಾಯಾಮವನ್ನು ನಾನು ಬಿಟ್ಟ ತಿಂಗಳಲ್ಲೇ ಗಂಟು ಮರಳಿತು. ಅದಕ್ಕೆ ಬೇರೆಯವರನ್ನು ದೂರಲಾರೆ.

ನನ್ನ ತಕರಾರು ಇರುವುದು ಬೇರೆಡೆ. ಹೆಗಲಿನ ಆ ಸ್ನಾಯುವಿಗೆ ತೀರ ಸಮೀಪದಲ್ಲೇ ಶ್ವಾಸಕೋಶದ ತುದಿಯಿದೆ. ಸೂಜಿ ಆಳ ತಪ್ಪಿ ಅಲ್ಲಿಗೆ ತಾಗಿದರೆ ಎದೆಗೂಡಿನಲ್ಲಿ ಗಾಳಿ ಸೇರಿಕೊಂಡು ಶ್ವಾಸಕೋಶ ಕುಗ್ಗಬಹುದು. ಇದು ಅಪರೂಪವೆಂಬುದು ನಿಜ, ಆದರೆ ಇಂಥ ಪ್ರಕರಣಗಳು ದಾಖಲಾಗಿವೆ, ಮತ್ತು ಲಕ್ಷಣಗಳು ಕೆಲವೊಮ್ಮೆ ಮನೆಗೆ ಹೋದ ಹಲವು ಗಂಟೆಗಳ ನಂತರ ಕಾಣಿಸಿಕೊಳ್ಳುತ್ತವೆ. ರಾತ್ರಿ ಎದೆ ಹಿಡಿದರೆ ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕುಡಿದು ಮಲಗುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ನನಗೆ ಈ ವಿಷಯವನ್ನು ಯಾರೂ ಹೇಳಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತೀರಾ ಎಂದೂ ಕೇಳಲಿಲ್ಲ. ಸಹಿ ಹಾಕಿಸಿಕೊಂಡ ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು. ಬಳಸಿದ ಸೂಜಿಗಳು ಹತ್ತಿಯುಂಡೆಗಳ ಜೊತೆ ಸಾಮಾನ್ಯ ಕಸದ ಬುಟ್ಟಿಗೆ ಬಿದ್ದವು. ಅಂಥವನ್ನು ಚುಚ್ಚಿದರೆ ತೂತಾಗದ ಬಿಳಿ ಡಬ್ಬದಲ್ಲೇ ಹಾಕಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುತ್ತವೆ.

ಈ ಚಿಕಿತ್ಸೆ ನೀಡುವ ಪ್ರತಿ ಕ್ಲಿನಿಕ್ಕೂ ಒಪ್ಪಿಗೆ ಪತ್ರವನ್ನು ಒಂದೇ ಪುಟದಲ್ಲಿ, ಕನ್ನಡದಲ್ಲಿ, ಸೂಜಿ ಕೈಗೆತ್ತಿಕೊಳ್ಳುವ ಮುಂಚೆಯೇ ಓದಲು ಕೊಡುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳು ಸೂಚಿಸಬೇಕು. ಉಸಿರು ಕಟ್ಟಿದಂತಾದರೆ ಅಥವಾ ಎದೆಯಲ್ಲಿ ಚಳುಕು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಸೂಜಿ ಹಾಕಿಸಿಕೊಂಡದ್ದನ್ನು ಅಲ್ಲಿನ ವೈದ್ಯರಿಗೆ ತಿಳಿಸಿ ಎಂಬ ಸಾಲು ಅದರಲ್ಲಿ ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ ಇರಲಿ.

– ಪ್ರೌಢಶಾಲಾ ಶಿಕ್ಷಕಿ, ದಾವಣಗೆರೆ