ಕೈನಡುಕದ ಕೈಪಿಡಿಗೆ ಕೈಜೋಡಿಸಿದವರಿಗೆ

ಮುಂಬಯಿ ಕನ್ನಡಿಗರಿಗಾಗಿ ಸಿದ್ಧವಾಗುತ್ತಿದ್ದ ಫಿಟ್ಸ್ ಔಷಧಿಗಳ ಕೈಪಿಡಿ ಕೊನೆಗೂ ಅಚ್ಚಾಗಿ ಮಾಟುಂಗಾ, ಕುರ್ಲಾ, ಡೊಂಬಿವಲಿಯ ಮನೆಗಳನ್ನು ತಲುಪುತ್ತಿದೆ. ಫಿಟ್ಸ್ ಬಗ್ಗೆ ಹೇಳುವವರು ಬಹಳ ಮಂದಿ. ಅದರ ಮಾತ್ರೆಯಿಂದಲೇ ಬರುವ ನಡುಕ, ಓಲಾಟ, ಬಿಗಿತದ ಸುದ್ದಿ ಎತ್ತುವವರು ಕಡಿಮೆ. ಹೆಗಲು ಕೊಟ್ಟ ಎಲ್ಲರಿಗೂ ನಮ್ಮ ಬಳಗದ ನಮಸ್ಕಾರ.

ಮೊದಲು, ಪುಟಪುಟವನ್ನೂ ತಿದ್ದಿದ ನರರೋಗ ತಜ್ಞರಿಗೆ. ವಾಲ್‌ಪ್ರೋಯೇಟ್ ಎಂಬ ಫಿಟ್ಸ್ ಮದ್ದಿನ ಅಧ್ಯಾಯವನ್ನು ಮೂರು ಪಾಲು ಮಾಡಿಸಿದ್ದು ಅವರೇ. ಕೈ ಚಾಚಿದಾಗ, ಲೋಟ ಬಾಯಿಗೆ ತರುವಾಗ ಕಾಣುವ ಸಣ್ಣ ನಡುಕ ಡೋಸ್ ಏರಿದಂತೆ ಏರುತ್ತದೆ, ಇಳಿಸಿದರೆ ಸಾಮಾನ್ಯವಾಗಿ ತಗ್ಗುತ್ತದೆ. ವರ್ಷಗಟ್ಟಲೆ ಮಾತ್ರೆ ನುಂಗಿದ ಮೇಲೆ ನಡಿಗೆ ನಿಧಾನವಾಗಿ, ಮುಖ ಭಾವಶೂನ್ಯವಾಗುವುದು ಬೇರೆಯೇ ತೊಂದರೆ. ರಕ್ತದಲ್ಲಿ ಮದ್ದಿನ ಮಟ್ಟ ಮಿಲಿಲೀಟರಿಗೆ 50–100 ಮೈಕ್ರೊಗ್ರಾಂ ಮಿತಿಯೊಳಗಿದ್ದರೂ ಇದು ಬರಬಹುದು. ವಯಸ್ಸಾದವರಲ್ಲಿ ಪಾರ್ಕಿನ್ಸನ್ ಎಂದುಕೊಂಡು ಇನ್ನೊಂದು ಮಾತ್ರೆ ಶುರುವಾಗುವುದು ಇಲ್ಲಿಯೇ. ವಾಲ್‌ಪ್ರೋಯೇಟ್ ಬದಲಿಸಿದರೆ ಕೆಲವು ವಾರ, ತಿಂಗಳುಗಳಲ್ಲಿ ಹೆಚ್ಚಿನವರು ಸುಧಾರಿಸುತ್ತಾರೆ. ಮೂರನೆಯದು ತುರ್ತು: ಬಸ್ಸು ನಿಲ್ಲಿಸುವವರ ಹಾಗೆ ಅಂಗೈ ಎತ್ತಿ ಹಿಡಿದರೆ ಮಣಿಕಟ್ಟು ಆಗಾಗ ಸೋತು ಬೀಳುತ್ತದೆ, ಜೊತೆಗೆ ಮಂಪರು, ವಾಂತಿ. ರಕ್ತದಲ್ಲಿ ಅಮೋನಿಯಾ ಏರಿರಬಹುದು. ಲಿವರ್ ಪರೀಕ್ಷೆ ಸರಿಯಿದೆಯೆಂದು ಮನೆಗೆ ಮರಳುವಂತಿಲ್ಲ.

ಇನ್ನೊಂದು ಫಿಟ್ಸ್ ಮದ್ದಾದ ಫೆನಿಟಾಯಿನ್ ಲೆಕ್ಕ ಬಿಡಿಸಿಕೊಟ್ಟವರು ಡೊಂಬಿವಲಿಯ ಔಷಧಿ ಅಂಗಡಿಯವರು. ಅದನ್ನು ಅರಗಿಸುವ ಲಿವರಿನ ಕಿಣ್ವ ಒಂದು ಹಂತದಲ್ಲಿ ಕೈಚೆಲ್ಲುತ್ತದೆ. ಆಮೇಲೆ 300 ಮಿಲಿಗ್ರಾಂ ಇದ್ದದ್ದನ್ನು 400 ಮಾಡಿದರೆ ರಕ್ತದ ಮಟ್ಟ ದುಪ್ಪಟ್ಟಾದರೂ ಆಶ್ಚರ್ಯವಿಲ್ಲ. ಆ ಮಟ್ಟ ಮಿಲಿಲೀಟರಿಗೆ 20 ಮೈಕ್ರೊಗ್ರಾಂ ದಾಟಿದರೆ ಕಣ್ಣುಗುಡ್ಡೆ ಅದುರುತ್ತದೆ. 30ರ ಸುಮಾರಿಗೆ ಕಾಲು ತೊಡರುತ್ತದೆ, ನೋಡಿದವರು ಕುಡಿದಿದ್ದಾನೆ ಎನ್ನುತ್ತಾರೆ. ಲೋಕಲ್ ರೈಲು ಹತ್ತಿಳಿಯುವವರಿಗೆ ಇದು ಪ್ರಾಣಕ್ಕೇ ಸಂಚಕಾರ. ಟಿ.ಬಿ.ಯ ಐಸೋನಿಯಾಜಿಡ್ ಈ ಮಟ್ಟ ಏರಿಸುತ್ತದೆ, ಟಿ.ಬಿ.ಯದೇ ರಿಫಾಂಪಿಸಿನ್ ಇಳಿಸುತ್ತದೆ. ಟಿ.ಬಿ., ಫಿಟ್ಸ್ ಎರಡರ ಚೀಟಿಯನ್ನೂ ಒಟ್ಟಿಗೆ ತೋರಿಸಿ. ಸಿರಪ್ಪಿನ ಪುಟವಂತೂ ಪೂರ್ತಿ ಅವರದೇ: ಕುಲುಕದೆ ಸುರಿದರೆ ಮೇಲೆ ತೆಳು, ತಳದಲ್ಲಿ ಗಟ್ಟಿ. ಮೊದಮೊದಲು ಮದ್ದು ಸಾಲದೆ ಫಿಟ್ಸ್ ಬರಬಹುದು, ಬಾಟಲಿ ಮುಗಿಯುವ ಹೊತ್ತಿಗೆ ಮಗು ಓಲಾಡಬಹುದು.

ಲ್ಯಾಬಿನ ಅಕ್ಕನಿಗೂ ಋಣಿ. ಬೆಳಗಿನ ಮಾತ್ರೆಗೆ ಮುಂಚೆ ರಕ್ತ ಕೊಡಿ, ಹಿಂದಿನ ಮಾತ್ರೆಯ ಹೊತ್ತು ಬರೆಸಿ; ಫೆನಿಟಾಯಿನ್ ಆದರೆ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನನ್ನು ಕೂಡ ನೋಡಿಸಿ, ಅದು ಕಡಿಮೆಯಿದ್ದರೆ 15 ಎಂಬ, ನೋಡಲು ಸರಿಯಾದ ವರದಿಯೂ ಮೋಸ ಮಾಡುತ್ತದೆ ಎಂಬುದು ಅವರ ಪಾಠ.

ಮೊಬೈಲ್ ವಿಡಿಯೊ ಕೊಟ್ಟ ಕುಟುಂಬಗಳಿಲ್ಲದೆ ಚಿತ್ರಗಳೇ ಇರುತ್ತಿರಲಿಲ್ಲ. ಅವುಗಳಿಂದ ಕಲಿತ ಕ್ರಮ ಹೀಗೆ: ಎರಡೂ ಕೈ ಚಾಚಿಸಿ, ಬೆರಳನ್ನು ಮೂಗಿಗೆ ಮುಟ್ಟಿಸಿ, ಹತ್ತು ಹೆಜ್ಜೆ ನಡೆಸಿ ತಿರುಗಿಸಿ, ಕೈ ಊರದೆ ಕಾಗದದ ಮೇಲೆ ಸುರುಳಿ ಬರೆಸಿ ತಾರೀಖು, ಡೋಸ್ ನಮೂದಿಸಿ. ತಿಂಗಳ ಅಂತರದ ಎರಡು ಸುರುಳಿ ಪಕ್ಕಪಕ್ಕ ಇಟ್ಟರೆ ವೈದ್ಯರಿಗೆ ವಿವರಣೆಯೇ ಬೇಡ.

ನಡುಕ ಕಂಡೊಡನೆ ಮಾತ್ರೆ ನಿಲ್ಲಿಸಬೇಡಿ, ಥಟ್ಟನೆ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬರಬಹುದು ಎಂಬ ಸಾಲು ಮುಖಪುಟದಲ್ಲೇ ಬರಲಿ ಎಂದು ಪಟ್ಟು ಹಿಡಿದ ನರ್ಸ್‌ಗೆ ವಿಶೇಷ ವಂದನೆ. ಚಂದಕ್ಕೆ ಅಡ್ಡಿಯೆಂದು ವಿನ್ಯಾಸಕಾರರು ಗೊಣಗಿದರು. ಸಾಲು ಅಲ್ಲೇ ಇದೆ.

ಎರಡನೇ ಮುದ್ರಣಕ್ಕೆ ಗಾಬಾಪೆಂಟಿನ್ ಎಂಬ ಮತ್ತೊಂದು ಫಿಟ್ಸ್ ಮದ್ದಿನ ಪುಟ ಸೇರಲಿದೆ. ಕಿಡ್ನಿ ಸೋತವರಲ್ಲಿ ಅದು ಮೈಯಲ್ಲಿ ಉಳಿದುಕೊಂಡು ಕೈಕಾಲು ಥಟ್ಟನೆ ಜಗ್ಗಿಸುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಯವರು ಕರಡು ಓದಿಕೊಟ್ಟರೆ ಉಪಕಾರ.