ಬೆನ್ನು ಬೀಳುವುದೂ ಪ್ರೀತಿನಾ?

ಮಾನ್ಯ ಸಂಪಾದಕರೇ,

ಮೊನ್ನೆ ಕಾಲೇಜಿಗೆ ಹೋಗುವ ಮಗಳ ಜೊತೆ ‘ರಾಂಝಣಾ’ ಮತ್ತೆ ನೋಡಿದೆ. 2013ರ ಹಿಂದಿ ಸಿನಿಮಾ. ಕಾಶಿಯ ತಮಿಳು ಅರ್ಚಕರ ಮಗ ಕುಂದನ್, ಮುಸ್ಲಿಂ ಪ್ರೊಫೆಸರ್ ಮಗಳು ಝೋಯಾಳ ಬೆನ್ನು ಬೀಳುತ್ತಾನೆ. ಬೇಡ ಅಂದರೂ ಬಿಡೋದಿಲ್ಲ. ಕೈ ಕುಯ್ದುಕೊಂಡು ಹೆದರಿಸುತ್ತಾನೆ. ಆಕೆ ಮೆಚ್ಚಿದ ಹುಡುಗ ಮುಸ್ಲಿಮನಲ್ಲ ಎಂದು ಮದುವೆ ದಿನವೇ ಗುಟ್ಟು ಬಯಲು ಮಾಡುತ್ತಾನೆ. ಆ ಹುಡುಗ ಪೆಟ್ಟು ತಿಂದು ಸಾಯುತ್ತಾನೆ. ಆದರೂ ನಮ್ಮ ಕಣ್ಣೀರೆಲ್ಲ ಕುಂದನ್‌ಗೇ! ಧನುಷ್ ನಟನೆ ಅಷ್ಟು ಚೆನ್ನಾಗಿದೆ, ಅದನ್ನು ಒಪ್ಪಲೇಬೇಕು. ಮೊದಲ ಸಲ ನೋಡಿದಾಗ ನಾನೂ ಅತ್ತಿದ್ದೆ.

ತಮಾಷೆ ಇನ್ನೊಂದಿದೆ. 2025ರಲ್ಲಿ ಇದರ ತಮಿಳು ಆವೃತ್ತಿಯ ಕೊನೆಯನ್ನು ಎಐ ಬಳಸಿ ಬದಲಿಸಿ, ಕೊನೆಗೆ ಸಾಯುವ ಕುಂದನ್‌ನನ್ನು ಬದುಕಿಸಿದರು. ನಿರ್ದೇಶಕರು ಸಿಟ್ಟಾದರು. ಝೋಯಾಳ ಹುಡುಗನನ್ನು ಬದುಕಿಸಬೇಕು ಅಂತ ಯಾರಿಗೂ ಅನಿಸಲಿಲ್ಲ ನೋಡಿ.

ಧರ್ಮ, ಅಂತಸ್ತು ಮೀರಿದ ಪ್ರೀತಿಯ ಕಥೆ ಬೇಕು. ‘ನಾಗರಹಾವು’ 1972ರಲ್ಲೇ ರಾಮಾಚಾರಿ, ಮಾರ್ಗರೆಟ್‌ರನ್ನು ತೋರಿಸಿತ್ತು. ಅಲ್ಲಿ ಹುಡುಗಿಗೂ ಮನಸ್ಸಿತ್ತು, ಅಲ್ವಾ? ಒಲ್ಲೆ ಅಂದವಳನ್ನು ಹಿಂಬಾಲಿಸುವುದು ಬೇರೆಯೇ ಮಾತು. ಅದನ್ನು ಅಪರಾಧವೆಂದು ಕಾನೂನಿಗೆ ಸೇರಿಸಿದ್ದೂ 2013ರಲ್ಲೇ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ.

ನಮ್ಮ ಗಂಗಾವತಿಯಲ್ಲೂ ಕಾಲೇಜು ಬಿಡುವ ಹೊತ್ತಿಗೆ ಬೈಕ್‌ಗಳು ಸುಮ್ನೆ ಸುತ್ತುತ್ತವೆ. ‘ಲವ್ ಮಾಡ್ತಾನ್ರೀ ಪಾಪ’ ಅಂತಾರೆ ಗೆಳೆಯರು. ಸಿನಿಮಾ ಮುಗಿದ ಮೇಲೆ ಮಗಳು ಕೇಳಿದ್ದು ಒಂದೇ: ‘ಅಮ್ಮಾ, ಆಗ ನೀನು ಯಾಕೆ ಅತ್ತಿ?’

– ಓದುಗಳು, ಗಂಗಾವತಿ, ಕೊಪ್ಪಳ ಜಿಲ್ಲೆ