ಮನುಷ್ಯನಿಗಿಂತ ಮೊದಲು ಚಂದ್ರನ ರಾತ್ರಿ ಕಳೆಯುವ ರೋವರ್ ಬೇಕು

ಮಾನ್ಯ ಸಂಪಾದಕರೇ,

2040ರ ವೇಳೆಗೆ ಭಾರತೀಯರೊಬ್ಬರನ್ನು ಚಂದ್ರನ ಮೇಲೆ ಇಳಿಸುವ ಗುರಿಯ ಕುರಿತ ಲೇಖನಗಳನ್ನು ಓದುವಾಗಲೆಲ್ಲ ನನಗೆ 2023ರ ಸೆಪ್ಟೆಂಬರ್ 22 ನೆನಪಾಗುತ್ತದೆ. ಆ ದಿನ ಇಸ್ರೊ ವಿಜ್ಞಾನಿಗಳು, ಚಂದ್ರನ ಇರುಳಿಗೆ ಮುನ್ನ ಮಲಗಿಸಿದ್ದ ಚಂದ್ರಯಾನ-3ರ ಲ್ಯಾಂಡರ್ (ಇಳಿಯುವ ನೌಕೆ) ವಿಕ್ರಮ್ ಮತ್ತು ನೆಲದ ಮೇಲೆ ಓಡಾಡುವ ರೋವರ್ ಪ್ರಜ್ಞಾನ್‌ಗಳನ್ನು ಎಬ್ಬಿಸಲು ಯತ್ನಿಸಿದರು, ಮರುದನಿ ಬರಲಿಲ್ಲ. 'ಮಲಗಿಸಿದ್ದಾರೆ ಅಂದಿದ್ರಲ್ಲ ಸಾರ್, ಮತ್ತೆ ಯಾಕೆ ಏಳಲಿಲ್ಲ?' ಎಂದು ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಳು.

ಇದು ಸೋಲಲ್ಲ. ಆ ಯಂತ್ರಗಳನ್ನು ರೂಪಿಸಿದ್ದೇ ಚಂದ್ರನ ಒಂದು ಹಗಲಿಗೆ, ಅಂದರೆ ನಮ್ಮ ಸುಮಾರು 14 ದಿನಗಳಿಗೆ. ಅಷ್ಟರಲ್ಲಿ 26 ಕಿಲೊ ತೂಕದ ಪ್ರಜ್ಞಾನ್ ನೂರು ಮೀಟರ್ ಚಲಿಸಿ ಗಂಧಕದ ಇರುವಿಕೆಯನ್ನು ಖಚಿತಪಡಿಸಿತು. ವಿಕ್ರಮ್ ಮಣ್ಣಿಗಿಳಿಸಿದ ಉಷ್ಣಮಾಪಕವು, ಮೇಲ್ಮೈಯಲ್ಲಿ 50 ಡಿಗ್ರಿ ದಾಟಿದ್ದ ತಾಪ ಗೇಣುದ್ದವೂ ಇಲ್ಲದ ಎಂಟು ಸೆಂಟಿಮೀಟರ್ ಆಳದಲ್ಲಿ ಮೈನಸ್ 10ರ ಆಸುಪಾಸಿಗೆ ಇಳಿಯುವುದನ್ನು ತೋರಿಸಿತು. ಹಗಲಲ್ಲೇ ಹೀಗಾದರೆ, ಮೈನಸ್ 120ಕ್ಕಿಂತಲೂ ಕೆಳಗಿಳಿಯುವ ಇರುಳಿನಲ್ಲಿ ಬ್ಯಾಟರಿಯ ಗತಿಯನ್ನು ಊಹಿಸಬಹುದು.

ಈ ಇರುಳನ್ನು ದಾಟುವ ವಿದ್ಯೆ ಹೊಸದೇನಲ್ಲ. 1970ರ ನವೆಂಬರ್‌ನಲ್ಲಿ ಇಳಿದ ಸೋವಿಯತ್ ಒಕ್ಕೂಟದ ರೋವರ್ ಲುನೊಖೋದ್-1, ಸೂರ್ಯ ಮುಳುಗುತ್ತಲೇ ಸೌರಫಲಕ ಹೊದಿಸಿದ್ದ ತನ್ನ ಮುಚ್ಚಳವನ್ನು ಡಬ್ಬಿ ಮುಚ್ಚಿದಂತೆ ಮುಚ್ಚಿಕೊಂಡು, ಒಳಗೆ ವಿಕಿರಣಶೀಲ ಪೊಲೋನಿಯಂನ ಶಾಖದಲ್ಲಿ ಬೆಚ್ಚಗಿರುತ್ತಿತ್ತು. ಹೀಗೆ ಹತ್ತು ತಿಂಗಳು ಬದುಕಿ ಹತ್ತು ಕಿಲೊಮೀಟರ್ ಓಡಾಡಿತು. (ಅದರ ತೂಕ 756 ಕಿಲೊ ಎಂಬುದನ್ನೂ ಹೇಳಬೇಕು, ಹೋಲಿಕೆ ಅನ್ಯಾಯವಾಗಬಾರದು.) ಪರಮಾಣು ಶಾಖದ ಎರಡು ಪುಟ್ಟ ಹೀಟರ್‌ಗಳನ್ನು ನಾವೂ ಚಂದ್ರಯಾನ-3ರಲ್ಲಿ ಕಳಿಸಿದ್ದೆವು. ಆದರೆ ಅವು ಇದ್ದದ್ದು ಲ್ಯಾಂಡರನ್ನು ಚಂದ್ರನ ಬಳಿಗೆ ಒಯ್ದು ತಾನು ಕಕ್ಷೆಯಲ್ಲೇ ಉಳಿದ ಪ್ರೊಪಲ್ಷನ್ ಮಾಡ್ಯೂಲ್‌ನಲ್ಲಿ.

ಮನುಷ್ಯ ಹೋಗಬಾರದೆಂಬುದು ನನ್ನ ವಾದವಲ್ಲ. 1972ರಲ್ಲಿ ಅಪೊಲೊ-17ರ ಭೂವಿಜ್ಞಾನಿ ಹ್ಯಾರಿಸನ್ ಸ್ಮಿಟ್ ತನ್ನ ಬೂಟಿನಡಿ ಕೆದರಿದ ಕಿತ್ತಳೆ ಬಣ್ಣದ ಮಣ್ಣನ್ನು ಕಂಡ ಕೂಡಲೇ ಅದರ ಬೆಲೆ ಅರಿತರು. ಅವರೂ ಯೂಜೀನ್ ಸೆರ್ನನ್ನರೂ ಮೂರು ದಿನಗಳಲ್ಲಿ ಸುಮಾರು 35 ಕಿಲೊಮೀಟರ್ ಸುತ್ತಿದರೆ, ಮಂಗಳನ ಮೇಲೆ ಆಪರ್ಚುನಿಟಿ ರೋವರ್ 45 ಕಿಲೊಮೀಟರ್ ಕ್ರಮಿಸಲು ಹದಿನಾಲ್ಕು ವರ್ಷ ತೆಗೆದುಕೊಂಡಿತು. ಆದರೆ ಚಂದ್ರನ ಮೇಲೆ ಕಾಲಿಟ್ಟ ಹನ್ನೆರಡು ಮಂದಿಯಲ್ಲಿ ಒಬ್ಬರೂ ಅಲ್ಲಿ ಒಂದು ಇರುಳನ್ನೂ ಕಳೆದಿಲ್ಲ. ಚಂದ್ರನ ಆ ಹದಿನಾಲ್ಕು ದಿನಗಳ ಹಗಲಿನಲ್ಲಿ ಬೆಳಗಿನ ಹೊತ್ತಿಗೆ ಇಳಿದು, ಮಧ್ಯಾಹ್ನವಾಗುವ ಮೊದಲೇ ಹೊರಟುಬಂದರು. ನಾವೂ ಬಾವುಟ ನೆಟ್ಟು ಮರಳುವುದಾದರೆ ಅಷ್ಟು ಸಾಕು, ನೆಲೆಯೂರುವುದಾದರೆ ಸಾಲದು.

2024ರಲ್ಲಿ 2,104 ಕೋಟಿ ರೂಪಾಯಿಗೆ ಮಂಜೂರಾದ ಚಂದ್ರಯಾನ-4 ಮಣ್ಣಿನ ಮಾದರಿ ತರಲಿದೆ. ಜಪಾನ್ ಜತೆಗಿನ ಚಂದ್ರಯಾನ-5ರಲ್ಲಿ ಲ್ಯಾಂಡರ್ ನಮ್ಮದು, ರೋವರ್ ಅವರದು. ಹಾಗಾಗಿ ಇರುಳನ್ನು ಕಳೆದು ಬೆಳಿಗ್ಗೆ ಏಳುವ ನಮ್ಮದೇ ರೋವರ್ ಯಾವಾಗ ಎಂಬುದಕ್ಕೂ, 2040ರ ಗುರಿಯಷ್ಟೇ ಸ್ಪಷ್ಟವಾಗಿ ಒಂದು ಇಸವಿಯನ್ನು ಸರ್ಕಾರ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ವಿಜ್ಞಾನ ಶಿಕ್ಷಕ, ತಿಪಟೂರು